ಲಿನಕ್ಸ್ ಕರ್ನಲ್‌ನ ಓಓಎಂ ವರದಿ: ದೀರ್ಘಕಾಲದ ಬಳಕೆದಾರನ ವಿಮರ್ಶೆ

ಮೆಮೊರಿ ಪೂರ್ತಿ ಬರಿದಾದಾಗ (ಔಟ್ ಆಫ್ ಮೆಮೊರಿ, ಅಂದರೆ ಓಓಎಂ) ಲಿನಕ್ಸ್‌ನ ತಿರುಳಾದ ಕರ್ನಲ್ ಯಾವುದಾದರೊಂದು ಪ್ರೊಸೆಸನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಕೊಂದು ಉಳಿದವನ್ನು ಉಳಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದು ಲಾಗ್‌ಗೆ ಬರೆಯುವ ಉದ್ದನೆಯ ವರದಿಯನ್ನು ಸರ್ವರ್‌ಗಳ ಉಸ್ತುವಾರಿಯಲ್ಲಿ ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ನನ್ನ ದೃಷ್ಟಿಯಲ್ಲಿ ಇದು ಪ್ರಾಮಾಣಿಕವಾದ ಸ್ಥಳ ಮಹಜರು, ಆದರೆ ತನಿಖೆಯಲ್ಲ: ಆ ಕ್ಷಣದಲ್ಲಿ ಏನೇನು ಎಲ್ಲೆಲ್ಲಿತ್ತು ಎಂದು ಬರೆದಿಡುತ್ತದೆ, ಪರಿಸ್ಥಿತಿ ಅಲ್ಲಿಗೆ ಹೇಗೆ ಮುಟ್ಟಿತು ಎಂಬುದರ ಬಗ್ಗೆ ಚಕಾರವೆತ್ತುವುದಿಲ್ಲ.

ಮೊದಲ ಸಾಲೇ ಹೊಸಬರನ್ನು ದಾರಿ ತಪ್ಪಿಸುತ್ತದೆ. ‘ಇನ್ವೋಕ್ಡ್ ಓಓಎಂ-ಕಿಲ್ಲರ್’ ಎಂಬುದರ ಹಿಂದೆ ಕಾಣುವ ಹೆಸರು ಆ ಗಳಿಗೆಯಲ್ಲಿ ಮೆಮೊರಿ ಕೇಳಿ ಸಿಗದೆ ಹೋದ ಪ್ರೊಸೆಸ್‌ನದು ಮಾತ್ರ; ಎಷ್ಟೋ ಸಲ ಅದು ನಿಗದಿತ ಹೊತ್ತಿಗೆ ತಾನಾಗಿ ಓಡುವ ಪಾಪದ ಕ್ರಾನ್ ಕೆಲಸವಾಗಿರುತ್ತದೆ. ಕೊನೆಯ ಸಾಲಿನಲ್ಲಿ ಸತ್ತದ್ದೆಂದು ಕಾಣುವ ಪ್ರೊಸೆಸ್ಸೂ ತಪ್ಪಿತಸ್ಥನೇ ಆಗಿರಬೇಕಿಲ್ಲ, ಏಕೆಂದರೆ ಆರ್‌ಎಸ್‌ಎಸ್ (ಪ್ರೊಸೆಸ್ ಮೆಮೊರಿಯಲ್ಲಿ ಹಿಡಿದಿರುವ ಜಾಗ), ಸ್ವಾಪ್ (ಡಿಸ್ಕ್‌ಗೆ ಸರಿಸಿದ ಭಾಗ) ಮತ್ತು ಪೇಜ್ ಟೇಬಲ್‌ಗಳ (ಮೆಮೊರಿ ವಿಳಾಸಗಳ ನಕ್ಷೆ) ಮೊತ್ತಕ್ಕೆ -1000ದಿಂದ 1000ದವರೆಗಿನ ಹೊಂದಾಣಿಕೆ ಅಂಕವನ್ನು ಲೆಕ್ಕಕ್ಕೆ ಹಿಡಿದು ಬಲಿಯನ್ನು ಆರಿಸಲಾಗುತ್ತದೆ, ಹಾಗಾಗಿ ನ್ಯಾಯವಾಗಿಯೇ ಹೆಚ್ಚು ಮೆಮೊರಿ ಬಳಸುವ ಡೇಟಾಬೇಸ್ ಬೇರೆಯವರ ಸೋರಿಕೆಗೆ ತಲೆ ಕೊಡುತ್ತದೆ.

ವರದಿಯ ನಿಜವಾದ ಬೆಲೆ ನಡುವಿನ ಭಾಗದಲ್ಲಿದೆ. ಪ್ರೊಸೆಸ್‌ಗಳ ಪಟ್ಟಿಯಲ್ಲಿ ಆರ್‌ಎಸ್‌ಎಸ್ ಪುಟಗಳ (ಮೆಮೊರಿಯ ಸಮಾನ ತುಂಡುಗಳ) ಲೆಕ್ಕದಲ್ಲಿರುತ್ತದೆ, ಕೊನೆಯ ಸಾಲಿನಲ್ಲಿ ಕಿಲೋಬೈಟ್‌ಗಳಲ್ಲಿ. 4 ಕೆಬಿ ಪುಟದ ಯಂತ್ರದಲ್ಲಿ 1572864 ಎಂದಿದ್ದರೆ ಅದು 6 ಜಿಬಿ. ಒಂದೇ ವರದಿಯಲ್ಲಿ ಎರಡು ಅಳತೆ ಏಕೆ ಬೇಕೋ ನನಗಂತೂ ಅರ್ಥವಾಗಿಲ್ಲ. ಒಮ್ಮೆ 16 ಜಿಬಿಯ ಯಂತ್ರವೊಂದರಲ್ಲಿ ಪಟ್ಟಿಯ ಆರ್‌ಎಸ್‌ಎಸ್ ಅನ್ನೆಲ್ಲ ಕೂಡಿದರೂ ಅರ್ಧದಷ್ಟೂ ಆಗಲಿಲ್ಲ. ಒಂದರ ಹಿಂದೊಂದು ಪ್ರೊಸೆಸ್ ಸತ್ತರೂ ಜಾಗ ತೆರವಾಗುತ್ತಿರಲಿಲ್ಲ. ಮೇಲಿನ ‘ಮೆಮ್-ಇನ್ಫೊ’ ಭಾಗದ ‘ಶ್‌ಮೆಮ್’ (ಹಂಚಿಕೆಯ ಮೆಮೊರಿ) ಅಂಕಿ ನೋಡಿದ ಮೇಲೆಯೇ ಗುಟ್ಟು ತಿಳಿದದ್ದು: ಯಾವುದೋ ಸ್ಕ್ರಿಪ್ಟ್ ಮೆಮೊರಿಯಲ್ಲೇ ಇರುವ ಕಡತ ವ್ಯವಸ್ಥೆಯಾದ ಟಿಎಂಪಿಎಫ್ಎಸ್‌ನಲ್ಲಿ ಕಡತಗಳನ್ನು ಬಿಟ್ಟು ಹೋಗಿತ್ತು, ಅವು ಯಾವ ಪ್ರೊಸೆಸ್‌ನ ಖಾತೆಯಲ್ಲೂ ಇರಲಿಲ್ಲ. ಮರಳಿ ಪಡೆಯಲಾಗದ ಸ್ಲ್ಯಾಬ್‌ನ (ಕರ್ನಲ್ ತನಗಾಗಿ ಬಳಸುವ ಮೆಮೊರಿಯ) ಅಂಕಿಯೂ ಇಷ್ಟೇ ಮುಖ್ಯ. ಕಂಟೇನರ್‌ಗಳಲ್ಲಿಯಾದರೆ ಮೊದಲು ‘ಕನ್‌ಸ್ಟ್ರೇಂಟ್’ ಪದವನ್ನು ನೋಡಬೇಕು. ಮಿತಿ ಮೀರಿದ್ದು ಸಿಗ್ರೂಪ್‌ನದೋ (ಒಟ್ಟಿಗೆ ಮಿತಿ ಹಾಕಿದ ಪ್ರೊಸೆಸ್‌ಗಳ ಗುಂಪು) ಇಡೀ ಯಂತ್ರದ್ದೋ ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ.

ಬರೆದದ್ದು ಉಳಿಯುತ್ತದೆಯೇ ಎಂಬುದು ಬೇರೆ ಮಾತು. ಕರ್ನಲ್‌ನ ಲಾಗ್ ಬಫರ್ ಚಿಕ್ಕದು, ರೀಬೂಟ್ ಆದರೆ ಅಳಿಸಿಹೋಗುತ್ತದೆ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗ್ ಸಂಗ್ರಹವಾದ ಜರ್ನಲ್ ಅನ್ನು ಡಿಸ್ಕ್‌ನಲ್ಲಿ ಶಾಶ್ವತವಾಗಿ ಉಳಿಯುವಂತೆ ಹೊಂದಿಸಿಕೊಳ್ಳದವರಿಗೆ ಮರುದಿನ ಏನೂ ಸಿಗದು. ಸಾವಿರಾರು ಪ್ರೊಸೆಸ್‌ಗಳಿರುವ, ನಿಧಾನವಾದ ಸೀರಿಯಲ್ ಕನ್ಸೋಲ್ ಇರುವ ಯಂತ್ರದಲ್ಲಿ ಪಟ್ಟಿ ಬರೆಯುವುದೇ ಹೊರೆಯಾಗಬಹುದು. ಅಂಥವರಿಗಾಗಿ ‘ಓಓಎಂ_ಡಂಪ್_ಟಾಸ್ಕ್ಸ್’ ಎಂಬ ಕರ್ನಲ್ ಸೆಟ್ಟಿಂಗನ್ನು 0 ಮಾಡುವ ದಾರಿಯಿದೆ. ನಾನು ಮಾತ್ರ ಅದನ್ನು ಮೂಲದ 1ರಿಂದ ಕದಲಿಸಿಲ್ಲ.

ವರದಿ ಹೇಳದ ಪೂರ್ವಕಥೆಗಾಗಿ ನಾನು ಕರ್ನಲ್‌ನ 4.20ನೇ ಆವೃತ್ತಿಯಲ್ಲಿ ಬಂದ ಪಿಎಸ್‌ಐ (ಮೆಮೊರಿಯಂಥವಕ್ಕಾಗಿ ಕೆಲಸಗಳು ಎಷ್ಟು ಕಾಯಬೇಕಾಯಿತೆಂಬ ಒತ್ತಡದ ಅಳತೆ) ಅಂಕಿಗಳನ್ನು ನಿಯತವಾಗಿ ಸಂಗ್ರಹಿಸುತ್ತೇನೆ. ಅದೇ ಪಿಎಸ್‌ಐ ನೆಚ್ಚಿಕೊಂಡಿರುವ ಸಿಸ್ಟಮ್‌ಡಿ-ಓಓಎಂಡಿ ಎಂಬ ಸೇವೆ ಫೆಡೋರಾ ಎಂಬ ಲಿನಕ್ಸ್ ವಿತರಣೆಯಲ್ಲಿ 34ನೇ ಆವೃತ್ತಿಯಿಂದ ಪೂರ್ವನಿಯೋಜಿತವಾಗಿ ಚಾಲ್ತಿಯಲ್ಲಿದೆ. ಅದು ಕರ್ನಲ್‌ಗಿಂತ ಮುಂಚೆಯೇ ಎಚ್ಚೆತ್ತು ಇಡೀ ಸಿಗ್ರೂಪನ್ನು ಮುಗಿಸುತ್ತದೆ, ಕಾರಣವನ್ನು ಶೇಕಡಾವಾರು ಲೆಕ್ಕದಲ್ಲಿ ಜರ್ನಲ್‌ಗೆ ಬರೆಯುತ್ತದೆ, ಆದರೆ ಪ್ರೊಸೆಸ್‌ವಾರು ಪಟ್ಟಿ ಕೊಡುವುದಿಲ್ಲ. ಆದ್ದರಿಂದ ಬ್ರೌಸರ್ ಇದ್ದಕ್ಕಿದ್ದಂತೆ ಮಾಯವಾಗಿ, ಕರ್ನಲ್ ಲಾಗ್‌ನಲ್ಲಿ ಓಓಎಂನ ಸುಳಿವೇ ಇಲ್ಲದಿದ್ದರೆ, ಆ ಸೇವೆಯ ಹೆಸರಿನಲ್ಲಿ ಜರ್ನಲ್ ಅನ್ನು ಹುಡುಕಬೇಕು.