ಸಿಸಿಸಿ, ವೈಸಿಸಿ: ಸೆಮಿನಾರ್‌ಗೆ ಯಾವುದು?

ಸರ್ಕಾರವೇ ಯುವಕರನ್ನು ಪ್ರಕೃತಿ ಕಾಯುವ ಕೆಲಸಕ್ಕೆ ಹಚ್ಚಿದ ಕಥೆ ಹುಡುಕುತ್ತಿದ್ದೀರಾ? ಅಮೆರಿಕದ ಈ ಎರಡು ಯೋಜನೆ ನೋಡಿ.

ಹಸಿವು, ದುಡಿಮೆ, ಮಣ್ಣು ಮೂರೂ ಸೇರಿದ ವಿಷಯ ಬೇಕಾದರೆ ಸಿವಿಲಿಯನ್ ಕನ್ಸರ್ವೇಶನ್ ಕೋರ್, ಅಂದರೆ ಸಿಸಿಸಿ. ನನ್ನ ಆಯ್ಕೆಯೂ ಅದೇ. ಮಹಾ ಆರ್ಥಿಕ ಕುಸಿತದ ನಡುವೆ, 1933ರಲ್ಲಿ ಆಗಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇದನ್ನು ಶುರು ಮಾಡಿದರು. 1942ರವರೆಗೆ ಸುಮಾರು 30 ಲಕ್ಷ ಗಂಡಸರು ಕ್ಯಾಂಪ್‌ಗಳಲ್ಲಿದ್ದು ದುಡಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರ ಮನೆಗೆ ಹೋಗುತ್ತಿತ್ತು. ಎಷ್ಟು ಒಲೆ ಉರಿದಿರಬೇಕು ಅಲ್ವಾ! ನೆಟ್ಟ ಗಿಡಗಳೇ ಸುಮಾರು 300 ಕೋಟಿ. ಮಣ್ಣು ಕೊಚ್ಚಿಹೋಗದಂತೆ ತಡೆದರು, ಕಾಳ್ಗಿಚ್ಚು ನಂದಿಸಿದರು, ಪಾರ್ಕ್‌ಗಳಿಗೆ ದಾರಿ ಮಾಡಿದರು. ಆದರೆ ಹೆಂಗಸರಿಗೆ ಇದರಲ್ಲಿ ಜಾಗವಿರಲಿಲ್ಲ. ಕಪ್ಪು ಯುವಕರನ್ನು ಹೆಚ್ಚಾಗಿ ಬೇರೆ ಕ್ಯಾಂಪ್‌ಗಳಲ್ಲಿ ಇಟ್ಟರು. ಇದನ್ನು ಬಿಟ್ಟು ಸುಮ್ನೆ ಹೊಗಳಿದರೆ ಅನ್ಯಾಯ.

ಯೂತ್ ಕನ್ಸರ್ವೇಶನ್ ಕೋರ್, ಅಂದರೆ ವೈಸಿಸಿ, 1970ರ ಕಾನೂನಿನಿಂದ ಬಂತು. 15ರಿಂದ 18 ವರ್ಷದ ಹುಡುಗರು, ಹುಡುಗಿಯರು ಇಬ್ಬರಿಗೂ ಬೇಸಿಗೆ ರಜೆಯಲ್ಲಿ ಸಂಬಳದ ಕೆಲಸ, ಜೊತೆಗೆ ಪರಿಸರದ ಪಾಠ. 1980ರ ದಶಕದಲ್ಲಿ ಅನುದಾನ ಕಡಿತವಾಗಿ ಇದು ಚಿಕ್ಕದಾಯಿತು. ಆದರೂ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಇನ್ನೂ ನಡೆಯುತ್ತಿದೆ. ಹೈಸ್ಕೂಲ್ ಮಕ್ಕಳಿಗಾಗಿ ಇಂಥದ್ದೇನಾದರೂ ಕಟ್ಟುವ ಆಸೆಯಿದ್ದರೆ ಇದನ್ನೇ ಹಿಡಿಯಿರಿ.