10 ಎಚ್‌ಪಿ ದೋಣಿಗೆ 15 ಎಚ್‌ಪಿ ಮೋಟಾರು ಬೇಕಾ?

ಕುಣಿಗಲ್ ಕಡೆಯ ಗೆಳೆಯರೊಬ್ಬರು ಕೇಳಿದ್ದರು. 12 ಅಡಿಯ ಫೈಬರ್ ದೋಣಿ, ತಯಾರಕರು ಅದಕ್ಕೆ ಹಾಕಿದ ಫಲಕದ ಮೇಲೆ ಮೋಟಾರು ಗರಿಷ್ಠ 10 ಎಚ್‌ಪಿ ಅಂತಿದೆ. ಹಳೇ 15 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು) ಅಗ್ಗಕ್ಕೆ ಸಿಗುತ್ತಿದೆ. ಅದನ್ನೇ ಹಾಕಲಾ, 9.9 ಎಚ್‌ಪಿಯದು ತಗೊಳ್ಳಲಾ, ಇಲ್ಲಾ ಬ್ಯಾಟರಿ ಮೋಟಾರೇ ಸಾಕಾ?

ಮೊದಲು ದೋಣಿಯ ಗಟ್ಟಿತನ ನೋಡಿ. ಮೋಟಾರಿನ ಭಾರವನ್ನೂ ತಳ್ಳುವ ಬಲವನ್ನೂ ಹೊರುವುದು ಹಿಂಬದಿ ಹಲಗೆ. ಬಲ ಜಾಸ್ತಿಯಾದರೆ ಅಲ್ಲಿ ಬಿರುಕು ಬಿಡಬಹುದು. ಜೋರಾಗಿ ತಿರುಗಿಸಿದರೆ ದೋಣಿ ಮಗುಚುವ ಭಯ ಬೇರೆ. ಕೆಲವು ಕಂಪನಿಗಳ 9.9 ಮತ್ತು 15 ತೂಕದಲ್ಲಿ ಹೆಚ್ಚುಕಮ್ಮಿ ಒಂದೇ, ನಿಜ. ಆದರೆ ಫಲಕದ ಲೆಕ್ಕ ಬರೀ ತೂಕದ್ದಲ್ಲ, ವೇಗದ್ದೂ ಹೌದು. 'ಅರ್ಧ ಥ್ರಾಟಲ್‌ನಲ್ಲೇ ಓಡಿಸ್ತೀನಿ' ಅನ್ನುವವರನ್ನು ನಾನಂತೂ ನಂಬುವುದಿಲ್ಲ!

ಖರ್ಚಿನಲ್ಲಿ ಹಳೇ 15 ಇವತ್ತಿಗೆ ಅಗ್ಗ. ಹಲಗೆ ರಿಪೇರಿಗೆ ಬಂದರೆ ಆ ಉಳಿತಾಯ ಹೋಯಿತು. ಅಪಘಾತವಾದರೆ ವಿಮೆಯವರು ಫಲಕವನ್ನೇ ತೋರಿಸಬಹುದು.

ಬ್ಯಾಟರಿ ಮೋಟಾರಿಗೆ ಸದ್ದಿಲ್ಲ, ಹೊಗೆಯಿಲ್ಲ. 12 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಿಂದ 30 ಆಂಪಿಯರ್ ಎಳೆದರೆ ಲೆಕ್ಕಕ್ಕೆ ಮೂರು ಗಂಟೆ. ಲೆಡ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಹಾಗಾಗಿ ಅದರ ಅರ್ಧ ಅಂದುಕೊಳ್ಳಿ. ಎದುರುಗಾಳಿಗೆ ಈ ಮೋಟಾರು ಸುಸ್ತಾಗುತ್ತದೆ.

ಊರ ಕೆರೆಯಲ್ಲಿ ಇಬ್ಬರು ಬಲೆ ಬಿಡುವುದಾದರೆ ಬ್ಯಾಟರಿ. ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ ಅನುಮತಿ ಪಡೆದು, ಸಾಮಾನು ಹೇರಿಕೊಂಡು ದೂರ ಹೋಗುವುದಾದರೆ 9.9. 15 ಬೇಕೇ ಬೇಕು ಅಂದರೆ ಅದಕ್ಕೆ ತಕ್ಕ ದೋಣಿ ಹುಡುಕಿ.