ಲ್ಯಾಬಿನ 60 ಮಷೀನ್‌ಗೆ ಇಮೇಜ್ ಹಾಕಲು ಹೋಗಿ 61ನೆಯದನ್ನು ಅಳಿಸಿಬಿಟ್ಟೆ

ಕಾಲೇಜು ಲ್ಯಾಬ್, ಆಫೀಸು, ಟ್ರೇನಿಂಗ್ ಸೆಂಟರ್, ಎಲ್ಲೇ ಆಗಲಿ, ನೆಟ್‌ವರ್ಕ್ ಮೂಲಕ ಒಟ್ಟಿಗೆ ಹತ್ತಾರು ಕಂಪ್ಯೂಟರ್‌ಗೆ ವಿಂಡೋಸ್ ಹಾಕುವ ಕೆಲಸ ನಿಮ್ಮ ತಲೆ ಮೇಲಿದ್ದರೆ ಇದನ್ನು ಪೂರ್ತಿ ಓದಿ. ನಾನು ಮಾಡಿದ ತಪ್ಪು ದೊಡ್ಡ ತಾಂತ್ರಿಕ ತಪ್ಪೇನಲ್ಲ. ಆ ತಂತಿಯ ಇನ್ನೊಂದು ತುದಿಯಲ್ಲಿ ಯಾರ್‍ಯಾರಿದ್ದಾರೆ ಅಂತ ನೋಡಲಿಲ್ಲ, ಅಷ್ಟೇ. ಅದನ್ನೇ ಮೂರು ದಿನದಲ್ಲಿ ಮೂರು ಸಲ ಮಾಡಿದೆ.

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತಲ್ವಾ, ಅದಾದ ಮೇಲೆ ನಮ್ಮಲ್ಲೂ ಲ್ಯಾಬ್ ಮಷೀನ್‌ಗಳನ್ನು 11ಕ್ಕೆ ಏರಿಸಿ ಎಂಬ ಆದೇಶ ಬಂತು. ಒಟ್ಟು 60 ಮಷೀನ್, ಎಲ್ಲಾ ಒಂದೇ ಬ್ಯಾಚಿನಲ್ಲಿ ಕೊಂಡವು. ಬುಧವಾರ ಶುರು ಮಾಡಿದೆ. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಒಂದೊಂದಕ್ಕೂ ಪೆನ್‌ಡ್ರೈವ್ ಹಿಡಿದು ಕೂತರೆ ಮುಗಿಯುವ ಮಾತಲ್ಲ. ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು ಹಾಕಿ, ಅದರ ಮೇಲೆ ಫಾಗ್ ಸರ್ವರ್ (ಒಂದು ಮಷೀನಿನ ಡಿಸ್ಕಿನ ನಕಲನ್ನು ನೆಟ್‌ವರ್ಕ್ ಮೂಲಕ ಉಳಿದವಕ್ಕೆ ಹಾಕುವ ಪ್ರೋಗ್ರಾಂ) ಹಾಕಿದ್ದೆ. ಒಂದು ಮಷೀನ್ ಚೆನ್ನಾಗಿ ಸಿದ್ಧ ಮಾಡಿ, ಸಿಸ್‌ಪ್ರೆಪ್ ಮಾಡಿ (ಬೇರೆ ಮಷೀನ್‌ಗೂ ಹೊಂದುವ ಹಾಗೆ ವಿಂಡೋಸನ್ನು ಸಿದ್ಧಪಡಿಸುವ ಕೆಲಸ), ಆ ನಕಲು, ಅಂದರೆ ಇಮೇಜ್ ತೆಗೆದೆ. ಅಲ್ಲಿ ಆದ ಕಿರಿಕಿರಿ ಚಿಕ್ಕದು: ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲು ಮರೆತಿದ್ದೆ, ಡಿಸ್ಕ್ ಅರೆನಿದ್ದೆಯಲ್ಲಿದೆ ಎಂದು ಫಾಗ್ ಕ್ಯಾಪ್ಚರ್ ಮಾಡಲು ಒಪ್ಪಲಿಲ್ಲ. ಆಫ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೆ ಸರಿಹೋಯಿತು.

ನಿಜವಾದ ಕಾಟ ನೆಟ್‌ವರ್ಕ್ ಬೂಟ್‌ನಲ್ಲಿ, ಅಂದರೆ ಮಷೀನನ್ನು ಅದರ ಡಿಸ್ಕಿನ ಬದಲು ನೆಟ್‌ವರ್ಕ್‌ನಿಂದ ಶುರು ಮಾಡಿಸುವಲ್ಲಿ, ಶುರುವಾಯಿತು. ಹತ್ತು ಮಷೀನ್ ಆನ್ ಮಾಡಿದರೆ ಆರು ಫಾಗ್ ಮೆನುವಿಗೆ ಬರುತ್ತಿದ್ದವು. ನಾಲ್ಕು ಅರ್ಧದಲ್ಲಿ ನಿಂತು, ಟಿಎಫ್‌ಟಿಪಿ ಸರ್ವರ್ (ಬೂಟ್ ಫೈಲ್ ಕೊಡುವ ಸರ್ವರ್) ವಿಳಾಸ ಬರೆಯಿರಿ ಎಂದು ನನ್ನನ್ನೇ ಕೇಳುತ್ತಿದ್ದವು. ಆ ನಾಲ್ಕನ್ನು ರೀಸ್ಟಾರ್ಟ್ ಮಾಡಿದರೆ ಎರಡು ಸರಿ. ಸರಿಯಿದ್ದ ಆರನ್ನು ರೀಸ್ಟಾರ್ಟ್ ಮಾಡಿದರೆ ಅದರಲ್ಲಿ ಮೂರು ಕೆಟ್ಟವು. ದೆವ್ವ ಹೊಕ್ಕ ಹಾಗೆ.

ಇದು ನಡೆಯುವ ಕ್ರಮ ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅಂತ ಹೊಳೆಯುತ್ತದೆ. ಮಷೀನ್ ಆನ್ ಆದ ಕೂಡಲೇ ನೆಟ್‌ವರ್ಕ್ ಕಾರ್ಡ್ 'ನನಗೊಂದು ಐಪಿ (ನೆಟ್‌ವರ್ಕ್ ವಿಳಾಸ) ಕೊಡಿ, ಬೂಟ್ ಫೈಲ್ ಎಲ್ಲಿದೆ ಹೇಳಿ' ಎಂದು ಇಡೀ ನೆಟ್‌ವರ್ಕ್‌ಗೆ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಐಪಿ ಕೊಟ್ಟು, ಜೊತೆಗೆ ಆಪ್ಷನ್ 66ರಲ್ಲಿ ಸರ್ವರ್ ವಿಳಾಸವನ್ನೂ 67ರಲ್ಲಿ ಫೈಲ್ ಹೆಸರನ್ನೂ ಹೇಳುತ್ತದೆ. ಆ ಫೈಲ್ ಇಳಿದು ಓಡಲು ಶುರು ಮಾಡಿದ ಮೇಲೆ ಐಪಿಎಕ್ಸ್‌ಇ ಎಂಬ ಪ್ರೋಗ್ರಾಂ ಇನ್ನೊಂದು ಸಲ ಅದೇ ಕೂಗು ಹಾಕುತ್ತದೆ. ನಮ್ಮ ಮಷೀನ್‌ಗಳು ನಿಲ್ಲುತ್ತಿದ್ದದ್ದು ಈ ಎರಡನೇ ಕೂಗಿನ ಮೇಲೆ.

ನಾನು ಮಾತ್ರ ಸರ್ವರನ್ನೇ ಬೈಯುತ್ತಾ ಕೂತೆ. ಬೂಟ್ ಫೈಲ್ ತಪ್ಪಿರಬಹುದು ಎಂದು ಬದಲಾಯಿಸಿದೆ. ಮಷೀನ್ ಆನ್ ಆಗುವ ಹಳೇ ಬಯಾಸ್ ರೀತಿಗೆ ಒಂದು ಫೈಲ್, ಹೊಸ ಯುಇಎಫ್‌ಐ ರೀತಿಗೆ ಬೇರೆ ಫೈಲ್ ಬೇಕು, ಅದು ನಿಜ. ಆದರೆ ಫೈಲೇ ತಪ್ಪಿದ್ದರೆ 60 ಮಷೀನೂ ಒಂದೇ ಥರ ಕೆಡಬೇಕಿತ್ತು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಕಾವಲು) ಆಫ್ ಆಗಿದೆಯಾ ಎಂದು ಎರಡೆರಡು ಸಲ ನೋಡಿದೆ. ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್ ಸುತ್ತುಗಟ್ಟಿಕೊಳ್ಳದ ಹಾಗೆ ನೋಡುವ ವ್ಯವಸ್ಥೆ) ಮೇಲೂ ಅನುಮಾನ ಬಂತು. ಹಳೇ ಮಾದರಿಯ ಸ್ಪ್ಯಾನಿಂಗ್ ಟ್ರೀ ಇದ್ದರೆ ಪೋರ್ಟ್ ತೆರೆಯಲು 30 ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಐಪಿಎಕ್ಸ್‌ಇ ಕಾದು ಸುಸ್ತಾಗಿ ಕೈಚೆಲ್ಲಬಹುದು. ಅದಕ್ಕೆ ಪೋರ್ಟನ್ನು ತಕ್ಷಣ ತೆರೆಯುವ ಪೋರ್ಟ್‌ಫಾಸ್ಟ್ ಆನ್ ಮಾಡುತ್ತಾರೆ. ನಮ್ಮದು ಮ್ಯಾನೇಜ್ ಮಾಡಲು ಬಾರದ ಸಾದಾ ಸ್ವಿಚ್, ಅದರಲ್ಲಿ ಸ್ಪ್ಯಾನಿಂಗ್ ಟ್ರೀಯೇ ಇರಲಿಲ್ಲ. ಇಷ್ಟರಲ್ಲಿ ಬುಧವಾರ ಮುಗಿದು ಗುರುವಾರ ಮಧ್ಯಾಹ್ನ ಆಗಿತ್ತು.

ಕೊನೆಗೆ ದಾರಿ ತೋರಿಸಿದ್ದು ಮೊಬೈಲ್ ಕ್ಯಾಮೆರಾ. ಬೂಟ್ ಆಗುವಾಗ ಸ್ಕ್ರೀನ್ ಮೇಲೆ ಅಕ್ಷರ ಸರ್ರನೆ ಹೋಗಿಬಿಡುತ್ತವೆ. ವಿಡಿಯೋ ಮಾಡಿ ನಿಧಾನವಾಗಿ ನೋಡಿದೆ. ಕೆಟ್ಟ ಮಷೀನ್‌ಗೆ ಸಿಕ್ಕಿದ್ದ ಐಪಿ 192.168.0.107. ನಮ್ಮ ಕಾಲೇಜಿನ ಐಪಿ ಎಲ್ಲಾ 10ರಿಂದ ಶುರುವಾಗುತ್ತವೆ. ಅಲ್ಲಿಗೆ ಬೇರೆ ಯಾರೋ ಐಪಿ ಹಂಚುತ್ತಿದ್ದಾರೆ ಅಂತಾಯಿತು. ಲ್ಯಾಪ್‌ಟಾಪ್‌ಗೂ ಅದೇ ಸಾಲಿನ ಐಪಿ ಸಿಗುವವರೆಗೆ ಕೇಬಲ್ ಕಿತ್ತು ಹಾಕಿ ನೋಡಿದೆ. ಸಿಕ್ಕ ಕೂಡಲೇ ಬ್ರೌಸರ್‌ನಲ್ಲಿ 192.168.0.1 ಹೊಡೆದೆ. ಮನೆಯಲ್ಲಿಡುವ ವೈಫೈ ರೂಟರ್‌ನ ಲಾಗಿನ್ ಪುಟ ಪಳಪಳ ಬಂತು.

ಪಕ್ಕದ ಸ್ಟಾಫ್ ರೂಮಿನಲ್ಲಿ ಬೀರುವಿನ ಮೇಲೆ, ಹಳೇ ಬ್ಲೂಬುಕ್ ಕಟ್ಟುಗಳ ಹಿಂದೆ ಇತ್ತು ಆ ರೂಟರ್. ಹಿಂದೆ ನಾಲ್ಕು ಹಳದಿ ಪೋರ್ಟ್, ಒಂದು ನೀಲಿ. ಹಳದಿ ಒಳಗಿನ ಮಷೀನ್‌ಗಳಿಗೆ, ನೀಲಿ ಹೊರಗಿನಿಂದ ನೆಟ್ ಬರುವುದಕ್ಕೆ. ಕಾಲೇಜಿನ ಕೇಬಲ್ ನೀಲಿಗೆ ಹಾಕಿದ್ದರೆ ರೂಟರ್ ತನ್ನ ಪಾಡಿಗೆ ತಾನಿರುತ್ತಿತ್ತು. ಹಾಕಿದ್ದು ಹಳದಿಗೆ. ಹಾಗಾಗಿ ಅದು ಇಡೀ ನೆಟ್‌ವರ್ಕ್‌ಗೆ ಐಪಿ ದಾನ ಮಾಡುತ್ತಿತ್ತು. ಯಾರ ಉತ್ತರ ಮೊದಲು ಬಂದರೆ ಮಷೀನ್ ಅವರ ಮಾತು ಕೇಳುತ್ತಿತ್ತು. ರೂಟರ್ ತಂದ ಸಹೋದ್ಯೋಗಿಯನ್ನು ಕೇಳಿದೆ.

"ಮೊಬೈಲ್‌ಗೆ ನೆಟ್ ಸಿಗ್ಲಿ ಅಂತ ಹಾಕಿದ್ದೆ ಸರ್. ಒಂದೊಂದ್ಸಲ ಬರತ್ತೆ, ಒಂದೊಂದ್ಸಲ ಬರಲ್ಲ."

ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ. ಎರಡು ವಾರದಿಂದ ಆ ಸಾಲಿನ ನಾಲ್ಕೈದು ಜನ ನೆಟ್ ಬರುತ್ತಿಲ್ಲ ಎಂದು ನನ್ನ ಹತ್ತಿರ ಬಂದು ಹೇಳಿದ್ದರು. ರೀಸ್ಟಾರ್ಟ್ ಮಾಡಿ ನೋಡಿ ಅಂತ ಕಳಿಸುತ್ತಿದ್ದವನು ನಾನೇ. ನಿಮ್ಮಲ್ಲಿ ಕೆಲವು ಮಷೀನ್ ಬೂಟ್ ಆಗಿ ಕೆಲವು ಆಗದೇ ಇದ್ದರೆ, ಅದೂ ಪ್ರತಿ ಸಲ ಬೇರೆ ಬೇರೆ ಮಷೀನ್ ಕೆಟ್ಟರೆ, ಸರ್ವರ್ ಮುಟ್ಟುವ ಮೊದಲು ಸಿಕ್ಕ ಐಪಿ ಯಾವುದು ನೋಡಿ. ವೈರ್‌ಶಾರ್ಕ್ (ನೆಟ್‌ವರ್ಕ್‌ನಲ್ಲಿ ಹೋಗಿಬರುವುದನ್ನು ತೋರಿಸುವ ಪ್ರೋಗ್ರಾಂ) ಬಳಸಲು ಬಂದರೆ ಇನ್ನೂ ಸುಲಭ. ಒಂದು ಕೂಗಿಗೆ ಎರಡು ಆಫರ್ ಬರುವುದು ಕಣ್ಣಿಗೇ ಕಾಣುತ್ತದೆ. ಮ್ಯಾನೇಜ್ಡ್ ಸ್ವಿಚ್ ಇದ್ದರೆ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದರೆ ಇಂಥ ದಾನಿಗಳ ಬಾಯಿ ಬಂದ್.

ಶುಕ್ರವಾರ ಬೆಳಿಗ್ಗೆ 60ಕ್ಕೆ 60 ಮೆನುವಿಗೆ ಬಂದವು. ಖುಷಿಯಲ್ಲಿ ಮಲ್ಟಿಕಾಸ್ಟ್ ಹಚ್ಚಿದೆ. ಒಂದೇ ಸಲ ಕಳಿಸಿದರೆ ಎಲ್ಲಾ ಮಷೀನೂ ಒಟ್ಟಿಗೆ ಹೀರಿಕೊಳ್ಳುತ್ತವೆ, ಕೇಳೋಕೆ ಚೆಂದ. ಮೊದಲ ಗೊಂದಲ ವೇಗದ್ದು. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಆಮೆಯ ಹಾಗೆ ತೆವಳುತ್ತಿತ್ತು. ಮಲ್ಟಿಕಾಸ್ಟ್‌ನಲ್ಲಿ ಎಲ್ಲರೂ ನಿಧಾನಿಯ ಜೊತೆಗೇ ನಡೆಯಬೇಕು. ಸ್ವಿಚ್ಚಿನ ದೀಪಗಳನ್ನು ನೋಡುತ್ತಾ ಹೋದರೆ ಎಲ್ಲಾ ಹಸಿರು, 38ನೇ ಮಷೀನಿನದು ಮಾತ್ರ ಕಿತ್ತಳೆ. ಇಲಿ ಕಡಿದ ಕೇಬಲ್. ಒಳಗಿನ ಎಂಟು ಎಳೆಯಲ್ಲಿ ನಾಲ್ಕು ಸರಿಯಿದ್ದರೆ 100 ಎಂಬಿಪಿಎಸ್‌ಗೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕೇಬಲ್ ಬದಲಿಸಿ ಮತ್ತೆ ಶುರು ಮಾಡಿದೆ. ಈಗ ನೋಡಿ ವೇಗ!

ಹತ್ತು ನಿಮಿಷಕ್ಕೆ ಅಡ್ಮಿನ್ ಬ್ಲಾಕಿನಿಂದ ಫೋನ್. "ಸರ್, ಬಯೋಮೆಟ್ರಿಕ್ ಹ್ಯಾಂಗ್ ಆಗಿದೆ, ಫೀಸ್ ಕೌಂಟರ್‌ನಲ್ಲಿ ರಸೀದಿ ಬರ್ತಿಲ್ಲ, ಜನ ಸಾಲಾಗಿ ನಿಂತಿದಾರೆ. ನೀವೇನಾದ್ರೂ ಮಾಡ್ತಾ ಇದೀರಾ?"

ಮಾಡ್ತಾ ಇದ್ದೆ. ಸಾದಾ ಸ್ವಿಚ್ಚಿಗೆ ಮಲ್ಟಿಕಾಸ್ಟ್ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ತಿಳಿಯುವುದಿಲ್ಲ. ಎಲ್ಲಾ ಪೋರ್ಟಿಗೂ ಸುರಿಯುತ್ತದೆ. ಅದನ್ನು ತಡೆಯಲು ಐಜಿಎಂಪಿ ಸ್ನೂಪಿಂಗ್ ಇರುವ ಸ್ವಿಚ್ ಬೇಕು. ನಮ್ಮ ಇಡೀ ಕ್ಯಾಂಪಸ್ ಒಂದೇ ಬಯಲು ನೆಟ್‌ವರ್ಕ್, ಅದನ್ನು ಬೇರೆ ಬೇರೆ ಭಾಗ ಮಾಡುವ ವಿಲ್ಯಾನ್ ಗಿಲ್ಯಾನ್ ಏನೂ ಇಲ್ಲ. ನನ್ನ ವಿಂಡೋಸ್ 11 ಹಾಸ್ಟೆಲ್‌ವರೆಗೂ ಹರಿದಿತ್ತು. ವೈಫೈನಲ್ಲಂತೂ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಹೋಗುವುದರಿಂದ ಅಲ್ಲಿ ಪೂರ್ತಿ ಉಸಿರುಕಟ್ಟಿತ್ತು.

ಇಲ್ಲಿ ನಾನು ಮಾಡಬೇಕಿದ್ದ ಕೆಲಸ ಒಂದೇ. ಲ್ಯಾಬಿನಿಂದ ಹೊರಗೆ ಹೋಗುವ ಅಪ್‌ಲಿಂಕ್ ಕೇಬಲ್ ಕಿತ್ತು, ಫಾಗ್ ಸರ್ವರ್‌ನಿಂದಲೇ ಐಪಿ ಕೊಡಿಸಿ, ಲ್ಯಾಬನ್ನು ದ್ವೀಪ ಮಾಡಬೇಕಿತ್ತು. ಅರ್ಧ ಗಂಟೆಯ ಕೆಲಸ. ಸೋಮಾರಿತನ ನೋಡಿ, ಆಫೀಸು ಮುಚ್ಚಿದ ಮೇಲೆ ಹಾಕಿದರಾಯಿತು ಎಂದು ನಿಲ್ಲಿಸಿ, ಊಟಕ್ಕೆ ಹೋದೆ.

ಸಂಜೆ ಐದೂವರೆ. ಫಾಗ್‌ನಲ್ಲಿ ಮಷೀನ್‌ಗಳ ಗ್ರೂಪ್ ತೆರೆದು, ವೇಕ್ ಆನ್ ಲ್ಯಾನ್ (ಆಫ್ ಆಗಿರುವ ಮಷೀನನ್ನು ನೆಟ್‌ವರ್ಕ್‌ನಿಂದಲೇ ಎಬ್ಬಿಸುವುದು) ಟಿಕ್ ಮಾಡಿ, ಡಿಪ್ಲಾಯ್ ಒತ್ತುವ ಮುಂಚೆ ಪಟ್ಟಿ ನೋಡಿದೆ. ಒಟ್ಟು 61 ಎಂದು ತೋರಿಸುತ್ತಿತ್ತು. ಯಾವುದೋ ಒಂದು ಎರಡು ಸಲ ರಿಜಿಸ್ಟರ್ ಆಗಿರಬೇಕು ಅಂದುಕೊಂಡೆ. ಒತ್ತಿದೆ.

ಆ ಒಂದು ಎಲ್ಲಿಂದ ಬಂತು ಅಂದರೆ, ಗುರುವಾರ ಇಬ್ಬರು ಫೈನಲ್ ಇಯರ್ ಹುಡುಗರಿಗೆ 'ಎಲ್ಲಾ ಮಷೀನ್‌ಗೂ ಬಯಾಸ್‌ನಲ್ಲಿ ನೆಟ್‌ವರ್ಕ್ ಬೂಟ್ ಮೊದಲು ಮಾಡ್ರಪ್ಪ, ಫಾಗ್‌ನಲ್ಲಿ ರಿಜಿಸ್ಟರ್ ಮಾಡಿ' ಎಂದಿದ್ದೆ. ಲ್ಯಾಬಿನ ಮೂಲೆಯಲ್ಲಿ ಗಾಜಿನ ಕ್ಯಾಬಿನ್ ಒಂದಿದೆ, ನಮ್ಮ ಸೀನಿಯರ್ ಮೇಡಂ ಕೂರುವ ಜಾಗ. ಅವರ ಮಷೀನೂ ಅದೇ ಬ್ಯಾಚಿನದು, ಅದೇ ಕಪ್ಪು ಡಬ್ಬಿ. ಮೇಡಂ ಕ್ಲಾಸಿಗೆ ಹೋಗಿದ್ದರು, ಬಾಗಿಲು ತೆಗೆದಿತ್ತು. ಹುಡುಗರು ನಾನು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಎಲ್ಲಾ ಅಂದರೆ ಎಲ್ಲಾ. ಆ ಮಷೀನಿನ ಕೇಬಲ್ ಸ್ಟಾಫ್ ರೂಮಿನ ಸ್ವಿಚ್ಚಿಗೆ ಹೋಗುತ್ತದೆ. ಅಪ್‌ಲಿಂಕ್ ಕಿತ್ತಿದ್ದರೆ ಅದು ಬಚಾವಾಗುತ್ತಿತ್ತು.

ಶುಕ್ರವಾರ ಮೇಡಂ ರಜೆ. ಕ್ಯಾಬಿನ್‌ಗೆ ಬೀಗ. ಮಷೀನ್ ಆಫ್ ಆಗಿತ್ತು, ಮಾನಿಟರ್ ಮಾತ್ರ ಸ್ವಿಚ್ ಆಫ್ ಮಾಡಿರಲಿಲ್ಲ. ಲ್ಯಾಬಿನಲ್ಲಿ 60 ನೀಲಿ ಸ್ಕ್ರೀನ್ ಓಡುತ್ತಿದ್ದವು, ಎಲ್ಲದರಲ್ಲೂ ಒಂದೇ ಶೇಕಡಾ. ಒಳ್ಳೇ ಮೆರವಣಿಗೆ ನೋಡಿದ ಹಾಗೆ ನೋಡುತ್ತಾ ನಿಂತಿದ್ದೆ. 70 ದಾಟಿರಬೇಕು, ಕ್ಯಾಬಿನ್ನಿನ ಗಾಜಿನ ಹಿಂದೆಯೂ ನೀಲಿ ಬೆಳಕು ಕಂಡಿತು. ಮೊದಲು ಪ್ರತಿಬಿಂಬ ಅಂದುಕೊಂಡೆ. ಹತ್ತಿರ ಹೋದೆ. ಪ್ರತಿಬಿಂಬದಲ್ಲಿ ಅಕ್ಷರ ತಿರುಗುಮುರುಗಾಗಿರಬೇಕಲ್ವಾ. ಇವು ನೆಟ್ಟಗಿದ್ದವು.

ಅಟೆಂಡರ್ ಬೀಗದ ಕೈ ತರುವವರೆಗೂ ಕಾಯಲು ಆಗದೆ ಆ ಸಾಲಿನ ಎಂಸಿಬಿ ಇಳಿಸಿದೆ. ಅಷ್ಟೊತ್ತಿಗೆ 80 ಆಗಿತ್ತು.

ಇಂಥದ್ದು ನನ್ನೊಬ್ಬನಿಗೇ ಆದದ್ದಲ್ಲ ಎಂದು ಆ ರಾತ್ರಿ ಓದಿ ಸಮಾಧಾನ ಮಾಡಿಕೊಂಡೆ. 2014ರ ಮೇ ತಿಂಗಳಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7ರ ಇಮೇಜ್ ತಪ್ಪಿ ಅಲ್ಲಿನ ಎಲ್ಲಾ ವಿಂಡೋಸ್ ಮಷೀನ್‌ಗಳಿಗೂ ಹೊರಟುಬಿಟ್ಟಿತ್ತು. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಸರ್ವರ್ ಸಮೇತ. ಇಮೇಜ್ ಕಳಿಸುತ್ತಿದ್ದ ಸರ್ವರನ್ನು ಆಫ್ ಮಾಡುವ ಹೊತ್ತಿಗೆ ಅದೂ ತನ್ನನ್ನು ತಾನೇ ಫಾರ್ಮ್ಯಾಟ್ ಮಾಡಿಕೊಂಡಿತ್ತು. ಸಮಾಧಾನ ಏನೂ ಆಗಲಿಲ್ಲ, ಬಿಡಿ.

ನಿಮಗೆ ಹೀಗಾದರೆ ಮಷೀನನ್ನು ಮತ್ತೆ ಆನ್ ಮಾಡಬೇಡಿ. ಡಿಸ್ಕ್ ಬಿಚ್ಚಿ ಬೇರೆ ಮಷೀನ್‌ಗೆ ಜೋಡಿಸಿ, ಅದರ ಮೇಲೆ ಒಂದಕ್ಷರವೂ ಬರೆಯದ ಹಾಗೆ ನೋಡಿಕೊಳ್ಳಿ. ನಾನು ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆದು, ನಕಲಿನ ಮೇಲೆ, ಅಳಿದ ಪಾರ್ಟಿಷನ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಓಡಿಸಿದೆ. ಫಾಗ್ ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗ ಎಲ್ಲಿದೆ ಎನ್ನುವ ಪಟ್ಟಿ) ಅಳಿಸಿ ಬರೆದಿತ್ತು, ಆದರೆ ಇಮೇಜ್ ಬಿದ್ದದ್ದು ಡಿಸ್ಕಿನ ಮುಂಭಾಗಕ್ಕೆ ಮಾತ್ರ. ಹಿಂಭಾಗದಲ್ಲಿದ್ದ ಡಿ ಡ್ರೈವ್ ಇದ್ದ ಹಾಗೇ ಸಿಕ್ಕಿತು. ಹಳೇ ಕಾಲದ ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದು ಪುಣ್ಯ. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ (ಬಳಕೆಯಲ್ಲಿಲ್ಲದ ಜಾಗವನ್ನು ಖಾಲಿ ಮಾಡಿಸುವ ಆಜ್ಞೆ) ಅದನ್ನೂ ಗುಡಿಸಿ ಹಾಕಿರಬಹುದಿತ್ತು. ಕುಣಿದಾಡುವಷ್ಟು ಸಂತೋಷ ಆಯಿತು. ಡಿ ಡ್ರೈವ್ ತೆರೆದೆ. ಅದರಲ್ಲಿದ್ದದ್ದು ಪ್ರಿಂಟರ್ ಡ್ರೈವರ್, ಹಳೇ ಪ್ರಶ್ನೆಪತ್ರಿಕೆ, ಯಾರದೋ ಮದುವೆ ಫೋಟೋ.

ಮೇಡಂ ಕೆಲಸದ ಫೈಲೆಲ್ಲಾ ಇಟ್ಟಿದ್ದದ್ದು ಡೆಸ್ಕ್‌ಟಾಪ್ ಮೇಲೆ. ಅಂದರೆ ಸಿ ಡ್ರೈವ್. ಇಂಟರ್ನಲ್ ಮಾರ್ಕ್ಸ್, ಎನ್‌ಬಿಎ (ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಫೈಲ್, ಕೋರ್ಸ್ ಔಟ್‌ಕಮ್ ಲೆಕ್ಕದ ಎಕ್ಸೆಲ್ ಶೀಟುಗಳು. ಎನ್‌ಬಿಎ ಫೈಲ್ ಮಾಡಿದವರಿಗೆ ಗೊತ್ತು ಅದು ಎಷ್ಟು ರಾತ್ರಿಯ ಕೆಲಸ ಅಂತ. ಫೋಟೋರೆಕ್ ಓಡಿಸಿ ಉಳಿದ ಚೂರುಗಳನ್ನು ಎತ್ತಿದೆ. ಅದು ಫೈಲ್ ಹೆಸರು ವಾಪಸ್ ಕೊಡುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದದ ಸಂಖ್ಯೆ, ಅಷ್ಟೇ. ಶನಿವಾರ, ಭಾನುವಾರ ಎರಡೂ ದಿನ ಒಂದೊಂದೇ ತೆರೆದು, ಇದು ಯಾವ ಸೆಮಿಸ್ಟರ್, ಇದು ಯಾವ ಸೆಕ್ಷನ್ ಎಂದು ಹೆಸರಿಡುತ್ತಾ ಕೂತೆ. ಸುಮಾರು ಅರ್ಧ ಸಿಕ್ಕಿತು. ಕೆಲವು ತೆರೆದುಕೊಳ್ಳಲೇ ಇಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಪೂರ್ತಿ ಹೇಳಿದೆ. ಹುಡುಗರ ಹೆಸರು ಎತ್ತಲಿಲ್ಲ, ತಪ್ಪು ಅವರದಲ್ಲ. ಮೇಡಂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "61 ಅಂತ ತೋರಿಸ್ತಿತ್ತು ಅಂದ್ರಲ್ಲ, ನೋಡಿದ್ರಾ ನೀವು?" ಎಂದರು. ನೋಡಿದ್ದೆ ಮೇಡಂ, ಅಂದೆ.

ಈಗ ಇಮೇಜ್ ಹಾಕುವ ದಿನ ಅಪ್‌ಲಿಂಕ್ ಕೇಬಲ್ ನನ್ನ ಜೇಬಿನಲ್ಲಿರುತ್ತದೆ. ಹುಡುಗರಿಗೆ 'ಎಲ್ಲಾ' ಅನ್ನುವುದಿಲ್ಲ, ಮಷೀನ್ ನಂಬರ್ ಬರೆದ ಚೀಟಿ ಕೊಡುತ್ತೇನೆ, ಮುಗಿದ ಮೇಲೆ ಅಟೆಂಡರ್ ಜೊತೆ ಕೂತು ಪಟ್ಟಿಗೆ ತಾಳೆ ನೋಡುತ್ತೇನೆ. ನೆಟ್‌ವರ್ಕ್ ಬೂಟ್ ಕೆಲಸ ಮುಗಿದ ಸಂಜೆಯೇ ಎಲ್ಲದರಲ್ಲೂ ಆಫ್. ಮೇಡಂ ಮಷೀನಿನಲ್ಲಿ ಅದನ್ನು ಅವರೇ ಆಫ್ ಮಾಡಿಕೊಂಡರು. ಬಯಾಸ್‌ಗೆ ಹೊಸ ಪಾಸ್‌ವರ್ಡ್ ಕೂಡ ಹಾಕಿದ್ದಾರೆ. ಏನು ಅಂತ ನನಗೆ ಹೇಳಿಲ್ಲ. ಕೇಳುವ ಮುಖ ನನಗೂ ಇಲ್ಲ.